ಹಣ್ಣೆಲೆಯ ಬಣ್ಣ

ನಮ್ಮ ಶರದೃತುವೆಂದರೆ ತಿಳಿಗೊಂಡ ಕೊಳ, ತೊಳೆದ ಆಕಾಶ, ಬೆಳ್ದಿಂಗಳು. ಎಲೆಯುದುರುವುದು ನಮ್ಮಲ್ಲಿ ಶಿಶಿರದ ಮಾತು. ಅಮೆರಿಕದ ಈಶಾನ್ಯ ಭಾಗದಲ್ಲಿ ಹಾಗಲ್ಲ. ಸೆಪ್ಟೆಂಬರಿನ ಕೊನೆಗೆ ಅಲ್ಲಿನ ಮೇಪಲ್ ಮರಗಳು ಕೆಂಪೇರುತ್ತವೆ. ಅಕ್ಟೋಬರಿನಲ್ಲಿ ಇಡೀ ಕಾಡೇ ಬಣ್ಣ ತಳೆದು ನಿಲ್ಲುತ್ತದೆ. ಮ್ಯಾಸಚೂಸೆಟ್ಸ್ ರಾಜ್ಯದ ಕಾಂಕರ್ಡ್ ಊರಿನಲ್ಲಿ 1817ರಲ್ಲಿ ಹುಟ್ಟಿದ ಹೆನ್ರಿ ಡೇವಿಡ್ ಥೋರೊ ಈ ವೈಭವದ ನಡುವೆಯೇ ಬೆಳೆದವನು. ಆದರೆ ಅದರ ಪೂರ್ಣ ಸ್ವಾರಸ್ಯ ಅವನಿಗೆ ಒದಗಿದ್ದು ಪ್ರಾಯ ನಲವತ್ತರ ಆಸುಪಾಸಿಗೆ ಬಂದಾಗ.

ಗಾಂಧೀಜಿಯವರ ಮೂಲಕ ನಮ್ಮವರಿಗೆ ಪರಿಚಿತನಾದ ಥೋರೊ ಅಸಹಕಾರದ ತತ್ತ್ವವನ್ನು ಬರೆದವನು. ಕಾಡಿನ ಗುಡಿಸಲಿನಲ್ಲಿ ಭಗವದ್ಗೀತೆಯನ್ನು ಓದಿದವನು. ಆ ಗುಡಿಸಲಿನ ಬಾಳಿನಿಂದ ಹುಟ್ಟಿದ ‘ವಾಲ್ಡನ್’ 1854ರಲ್ಲಿ ಪ್ರಕಟವಾಯಿತು. ಅಲ್ಲಿ ಕಳೆದ ಎರಡು ವರ್ಷಗಳನ್ನು ಅವನು ಒಂದೇ ವರ್ಷವಾಗಿ ಹೆಣೆದು ವಸಂತದಲ್ಲಿ ತಂದು ನಿಲ್ಲಿಸಿದ್ದಾನೆ. ಉಷಃಕಾಲವೂ ಕರಗುವ ಹಿಮವೂ ಆ ಪುಸ್ತಕದ ಜೀವಾಳ. ಎಚ್ಚರ, ಆರಂಭ, ಚಿಗುರು: ಯೌವನದ ಥೋರೊವಿಗೆ ಬೇಕಾಗಿದ್ದವು ಇವೇ.

ಮುಂದಿನ ವರ್ಷಗಳಲ್ಲಿ ಅವನು ಹೊಟ್ಟೆಪಾಡಿಗೆ ಭೂಮಾಪನ ಮಾಡುತ್ತ, ಉಳಿದ ಹೊತ್ತೆಲ್ಲ ಊರ ಸುತ್ತಲಿನ ಕಾಡು ಗದ್ದೆಗಳಲ್ಲಿ ಅಲೆಯುತ್ತಿದ್ದ. ಒಮ್ಮೆ ನದಿಯ ಬಳಿಯ ದಿಬ್ಬದಲ್ಲಿ ನಿಂತಿದ್ದಾಗ ಸುಮಾರು 200 ಗಜ ದೂರದಲ್ಲಿ, ಕಾಡಿನ ಅಂಚಿಗೆ, ನೇರಳೆ ಬಣ್ಣದ ಪಟ್ಟೆಯೊಂದು ಕಂಡಿತು. ಹತ್ತಿರ ಹೋಗಿ ನೋಡಿದರೆ ಅದು ಹೂಬಿಟ್ಟ ಹುಲ್ಲು! ರೈತ ಕುಡುಗೋಲು ತಾಗಿಸದ, ದನಕ್ಕೂ ಬೇಡವಾದ ಬಡ ಹುಲ್ಲು. ಒಂದು ಎಸಳು ಕಿತ್ತು ಹಿಡಿದರೆ ಬಣ್ಣವೇ ಇಲ್ಲ. ದೂರದಿಂದ, ಬೆಳಕು ಬಿದ್ದಾಗ ಮಾತ್ರ ಆ ಸೊಬಗು. ಎಷ್ಟೋ ವರ್ಷ ಅದೇ ಬಯಲುಗಳಲ್ಲಿ ನಡೆದೂ ಇಂಥ ಹುಲ್ಲುಗಳನ್ನು ತಾನು ಗುರುತಿಸಿರಲಿಲ್ಲವೆಂದು ಅವನು ಒಪ್ಪಿಕೊಂಡಿದ್ದಾನೆ. ಗಿಡಮರಗಳ ವಿಷಯದಲ್ಲಿ ಊರಿಗೇ ಗುರುವಾಗಿದ್ದವನ ಒಪ್ಪಿಗೆ ಇದು! ಮನಸ್ಸಿನಲ್ಲಿ ಮೊದಲು ಮೂಡದ್ದು ಕಣ್ಣಿಗೆ ಬೀಳುವುದಿಲ್ಲವೆಂಬ ನಿಶ್ಚಯಕ್ಕೆ ಅವನು ಬಂದದ್ದು ಇಂಥ ಅನುಭವಗಳಿಂದ.

ಅಂದಿನಿಂದ ಶರತ್ಕಾಲ ಅವನ ಅಧ್ಯಯನದ ವಸ್ತುವಾಯಿತು. ಬಣ್ಣ ತಿರುಗಿದ ಎಲೆಯನ್ನು ಬಾಡಿದ ಎಲೆಯೆಂದು ತಿಳಿಯುವುದು, ಮಾಗಿದ ಸೇಬನ್ನು ಕೊಳೆತ ಸೇಬೆಂದು ತಿಳಿದಷ್ಟೇ ತಪ್ಪೆಂದು ಅವನ ವಾದ. ಎಲೆಯ ಹಸಿರು ದ್ರವ್ಯ ಒಡೆದುಹೋದಾಗ ಅಡಗಿದ್ದ ಹಳದಿ ತೋರುತ್ತದೆ, ಕೆಂಪು ಹೊಸದಾಗಿ ಹುಟ್ಟುತ್ತದೆ ಎಂದು ಇಂದಿನ ವಿಜ್ಞಾನ ಹೇಳುತ್ತದೆ. ಥೋರೊ ಅದನ್ನು ಮಾಗುವುದೆಂದು ಕರೆದ. ಹಣ್ಣೆಲೆ ಎನ್ನುವ ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಡದಲ್ಲಿ ಕಟ್ಟಿದ್ದ ಅವನ ದೋಣಿಯ ತುಂಬ ವಿಲೋ ಮರದ ಹೊನ್ನಿನೆಲೆಗಳು ಉದುರಿದ್ದವು. ಅವು ಅವನಿಗೆ ಕಸವಾಗಿ ತೋರಲಿಲ್ಲ. ಕಾಲಡಿಯಲ್ಲಿ ಆ ಸರಕು ಸರಬರ ಎನ್ನುತ್ತಿರುವಂತೆಯೇ ದೋಣಿ ಬಿಟ್ಟ.

ಈ ಚಿಂತನೆಯೆಲ್ಲ 1859ರಲ್ಲಿ ಒಂದು ಉಪನ್ಯಾಸದ ರೂಪ ತಾಳಿತು. 1860ರ ಡಿಸೆಂಬರ್ 3ರಂದು, ಕಡಿದ ಮರಗಳ ಉಂಗುರಗಳನ್ನು ಎಣಿಸುತ್ತಿದ್ದಾಗ, ಅವನಿಗೆ ನೆಗಡಿ ಹತ್ತಿತು. ಬೇಡವೆಂದರೂ ಕೇಳದೆ ಮುಂದಿನ ವಾರ ವಾಟರ್‌ಬರಿ ಎಂಬ ಊರಿಗೆ ಹೋಗಿ ಅದೇ ಉಪನ್ಯಾಸವನ್ನು ಓದಿ ಬಂದ. ಎದೆಯಲ್ಲಿ ಮೊದಲೇ ಹೊಂಚುತ್ತಿದ್ದ ಕ್ಷಯ ಆಮೇಲೆ ಬಿಡಲಿಲ್ಲ. 1861ರಲ್ಲಿ ಗಾಳಿ ಬದಲಾವಣೆಗೆಂದು ದೂರದ ಮಿನೆಸೋಟಾಕ್ಕೆ ಹೋದದ್ದೂ ಫಲಿಸಲಿಲ್ಲ.

1862ರ ಆರಂಭದಲ್ಲಿ ‘ಅಟ್ಲಾಂಟಿಕ್’ ಮಾಸಪತ್ರಿಕೆ ಲೇಖನ ಕೇಳಿತು. ಹಾಸಿಗೆ ಹಿಡಿದಿದ್ದ ಥೋರೊ ಹಳೆಯ ಉಪನ್ಯಾಸವನ್ನು ತಿದ್ದಲು ತೊಡಗಿದ. ತನ್ನಿಂದ ಬರೆಯಲಾಗದಾದಾಗ ತಂಗಿ ಸೋಫಿಯಾ ನೆರವಾದಳು. ಎಲೆಗಳು ಎಷ್ಟು ಹಗುರವಾಗಿ ಮಣ್ಣಿಗಿಳಿಯುತ್ತವೆ, ಮುಂದಿನ ಚಿಗುರಿಗೆ ಹೇಗೆ ಗೊಬ್ಬರವಾಗುತ್ತವೆ, ಮನುಷ್ಯನಿಗೆ ಸಾಯುವುದನ್ನು ಹೇಗೆ ಕಲಿಸುತ್ತವೆ ಎಂಬ ಭಾಗ ಆ ಪ್ರಬಂಧದಲ್ಲಿದೆ. ಆರೋಗ್ಯವಂತನಾಗಿದ್ದಾಗ ಬರೆದ ಆ ಮಾತುಗಳನ್ನು ಅವನು ಈಗ ಯಾವ ಮನಸ್ಸಿನಿಂದ ತಿದ್ದಿದನೋ! ಹೊರಗೆ ಆಗ ಎಲೆಗಳಿರಲಿಲ್ಲ, ಚಳಿಗಾಲ. ಎಲ್ಲ ಮರಗಳಿಗಿಂತ ತಡವಾಗಿ ಕೆಂಪಾಗುವ ಓಕ್ ಮರದ ಒಂದು ಎಲೆಯನ್ನು, ಅಚ್ಚು ತೆಗೆಸಲೆಂದು, ಅವನು ಪ್ರಕಾಶಕರಿಗೆ ಕಳುಹಿಸಿಕೊಟ್ಟ.

ಮೇ 6ರಂದು, ಕಾಂಕರ್ಡ್ ಚಿಗುರುತ್ತಿದ್ದಾಗ, ಅವನು ತೀರಿಕೊಂಡ. ವಯಸ್ಸು 44. ಪ್ರಬಂಧ ಅಕ್ಟೋಬರಿನ ಸಂಚಿಕೆಯಲ್ಲಿ ಬಂದಿತು.