ಯಂತ್ರಶಿಲ್ಪಿ ಹೆನ್ರಿ ಮಾಡ್ಸ್ಲೆ

ಯಂತ್ರದ ಬೋಲ್ಟೊಂದು ಕಳೆದುಹೋದರೆ ಇಂದು ಯಾರೂ ಚಿಂತಿಸುವುದಿಲ್ಲ. ಅಂಗಡಿಯಿಂದ ಅದೇ ಅಳತೆಯ ಇನ್ನೊಂದನ್ನು ತಂದು ತೊಡಿಸಿದರಾಯಿತು. ಹದಿನೆಂಟನೆಯ ಶತಮಾನದಲ್ಲಿ ಪರಿಸ್ಥಿತಿ ಹೀಗಿರಲಿಲ್ಲ. ಕುಶಲಕರ್ಮಿಗಳು ಅರ ಮತ್ತು ಉಳಿಗಳನ್ನು ಹಿಡಿದು, ಕಣ್ಣಳತೆಯನ್ನೇ ನಂಬಿ ತಿರುಪುಗಳನ್ನು ಕೊರೆಯುತ್ತಿದ್ದರು. ಆದುದರಿಂದ ಒಂದೊಂದು ಬೋಲ್ಟಿಗೂ ಅದಕ್ಕೆಂದೇ ಮಾಡಿದ ನಟ್ಟು ಬೇಕಾಗುತ್ತಿತ್ತು. ಯಂತ್ರವನ್ನು ಬಿಚ್ಚುವಾಗ ಜೋಡಿ ತಪ್ಪದಂತೆ ಗುರುತು ಹಾಕದಿದ್ದರೆ ಅದನ್ನು ಮರಳಿ ಕೂಡಿಸುವುದೇ ಕಷ್ಟವಾಗುತ್ತಿತ್ತು. ಈ ಅವ್ಯವಸ್ಥೆಯನ್ನು ನೀಗಲು ಜೀವನವನ್ನೇ ಮುಡಿಪಾಗಿಟ್ಟವರಲ್ಲಿ ಅಗ್ರಗಣ್ಯನಾದವನು ಹೆನ್ರಿ ಮಾಡ್ಸ್ಲೆ.

ಮಾಡ್ಸ್ಲೆ 1771ರ ಆಗಸ್ಟ್ 22ರಂದು ಲಂಡನ್ನಿನ ಸಮೀಪದ ವೂಲಿಚ್ ಎಂಬಲ್ಲಿ ಜನಿಸಿದನು. ತಂದೆ ಸೈನ್ಯದಲ್ಲಿ ಗಾಯಗೊಂಡು, ಅನಂತರ ಅಲ್ಲಿನ ಶಸ್ತ್ರಾಗಾರದಲ್ಲಿ ಉಗ್ರಾಣದ ಕೆಲಸಕ್ಕೆ ಸೇರಿದ್ದನು. ಮನೆಯಲ್ಲಿ ಬಡತನವಿತ್ತು. ಹನ್ನೆರಡನೆಯ ವಯಸ್ಸಿಗೇ ಹುಡುಗನು ಅದೇ ಶಸ್ತ್ರಾಗಾರದಲ್ಲಿ ತೋಟಾಗಳಿಗೆ ಮದ್ದು ತುಂಬುವ ಕೆಲಸಕ್ಕೆ ನಿಂತನು. ಎರಡು ವರ್ಷಗಳಾದ ಮೇಲೆ ಬಡಗಿಯ ಶಾಲೆಗೆ ಸೇರಿದನು. ಆದರೆ ಅವನ ಮನಸ್ಸೆಲ್ಲ ಪಕ್ಕದ ಕಮ್ಮಾರಸಾಲೆಯ ಕಡೆಗೇ ಇತ್ತು. ಹದಿನೈದನೆಯ ವಯಸ್ಸಿನಲ್ಲಿ ಅವನ ಆಸೆ ಈಡೇರಿತು. ಕುಲುಮೆಯೇ ಅವನ ಪಾಠಶಾಲೆಯಾಯಿತು. ಸುತ್ತಿಗೆ, ಅರಗಳೇ ಅವನ ಪುಸ್ತಕಗಳಾದವು.

ಲಂಡನ್ನಿನಲ್ಲಿ ಜೋಸೆಫ್ ಬ್ರಾಮ ಎಂಬ ಶೋಧಕನು ಕಳ್ಳಕೀಲಿಗೆ ಬಗ್ಗದ ಬೀಗವೊಂದನ್ನು ಕಲ್ಪಿಸಿದ್ದನು. ಅದರ ಸೂಕ್ಷ್ಮಭಾಗಗಳನ್ನು ತಯಾರಿಸಬಲ್ಲ ಕೆಲಸಗಾರರು ಅವನಿಗೆ ದೊರೆತಿರಲಿಲ್ಲ. ಹದಿನೆಂಟರ ತರುಣ ಮಾಡ್ಸ್ಲೆಯ ಹೆಸರನ್ನು ಕೇಳಿ ಬ್ರಾಮ ಅವನನ್ನು ಕರೆಸಿಕೊಂಡನು. ಮಾಡ್ಸ್ಲೆಯ ಕೈಯಲ್ಲಿ ಸಿದ್ಧವಾದ ಬೀಗವೊಂದನ್ನು ಅಂಗಡಿಯ ಕಿಟಕಿಯಲ್ಲಿರಿಸಿ, ಅದನ್ನು ತೆರೆದವರಿಗೆ 200 ಗಿನಿಗಳ ಬಹುಮಾನವೆಂದು ಸಾರಲಾಯಿತು. ಸುಮಾರು ಅರವತ್ತು ವರ್ಷಗಳ ಕಾಲ ಯಾರಿಗೂ ಅದು ಸಾಧ್ಯವಾಗಲಿಲ್ಲ. ಕೊನೆಗೆ 1851ರಲ್ಲಿ ಅಮೆರಿಕದ ಹಾಬ್ಸ್ ಎಂಬುವನು ಹಲವು ದಿನಗಳಲ್ಲಿ ಐವತ್ತು ಗಂಟೆಗಳಿಗೂ ಮೀರಿ ಶ್ರಮಿಸಿ ಅದನ್ನು ತೆರೆದನು.

ಮಾಡ್ಸ್ಲೆ ಶೀಘ್ರದಲ್ಲಿಯೇ ಆ ಕಾರ್ಯಾಗಾರದ ಮೇಲ್ವಿಚಾರಕನಾದನು. ಆದರೂ ಅವನ ಸಂಬಳ ವಾರಕ್ಕೆ 30 ಷಿಲಿಂಗುಗಳನ್ನು ಮೀರಲಿಲ್ಲ. ಸಂಸಾರ ಬೆಳೆಯುತ್ತಿತ್ತು. 1797ರಲ್ಲಿ ಅವನು ಸಂಬಳವನ್ನು ಹೆಚ್ಚಿಸಬೇಕೆಂದು ಕೇಳಿದಾಗ ಯಜಮಾನನು ನಿರಾಕರಿಸಿದನು. ಮಾಡ್ಸ್ಲೆ ಅಲ್ಲಿಂದ ಹೊರಬಂದು ಸ್ವಂತ ಕಾರ್ಯಾಗಾರವನ್ನು ತೆರೆದನು. ಕೈಯಲ್ಲಿ ಹಣವಿರಲಿಲ್ಲ, ಕೈಯ ಕಸುಬೊಂದೇ ಬಂಡವಾಳವಾಗಿತ್ತು.

ಅವನ ಕೀರ್ತಿಗೆ ಮೂಲವಾದ ತಿರುಪು ಕೊರೆಯುವ ಲೇತು ಯಂತ್ರವು ರೂಪುಗೊಂಡದ್ದು ಈ ಕಾಲದಲ್ಲಿಯೇ. ಹಳೆಯ ಲೇತಿನಲ್ಲಿ ಉಳಿಯನ್ನು ಮನುಷ್ಯನೇ ಕೈಯಲ್ಲಿ ಹಿಡಿಯಬೇಕಾಗಿತ್ತು. ಕೈ ನಡುಗಿದರೆ ಕೆಲಸವೂ ಕೆಡುತ್ತಿತ್ತು. ಮಾಡ್ಸ್ಲೆಯ ಯಂತ್ರದಲ್ಲಿ ಉಳಿಯನ್ನು ಜಾರುಪೀಠವೊಂದು ಬಿಗಿಯಾಗಿ ಹಿಡಿದಿರುತ್ತದೆ. ಪೀಠದ ಅಡಿಯಲ್ಲಿ ಒಂದು ನಟ್ಟು. ಆ ನಟ್ಟಿನೊಳಗೆ ಯಂತ್ರದ ಉದ್ದಕ್ಕೂ ಹಾಯ್ದ ಒಂದು ನೀಳವಾದ ತಿರುಪು. ತಿರುಪು ತಿರುಗಿದಾಗ ನಟ್ಟು ತಿರುಗಲಾರದು. ಆದುದರಿಂದ ಮುಂದಕ್ಕೆ ಸರಿಯುತ್ತದೆ. ಅದರೊಡನೆ ಪೀಠವೂ ಉಳಿಯೂ ಒಂದೇ ಸಮನಾಗಿ ಸಾಗುತ್ತವೆ. ಹಲ್ಲುಚಕ್ರಗಳನ್ನು ಬದಲಾಯಿಸಿದರೆ ಅದೇ ತಿರುಪಿನಿಂದ ಒತ್ತಾದ ಅಥವಾ ವಿರಳವಾದ ಸುತ್ತುಗಳ ಬೇರೆ ತಿರುಪುಗಳನ್ನು ಕೊರೆಯಬಹುದು. ಇಂತಹ ಯಂತ್ರವನ್ನು ಯೋಚಿಸಿದವರಲ್ಲಿ ಮಾಡ್ಸ್ಲೆಯೇ ಮೊದಲಿಗನಲ್ಲ. ಜೆಸ್ಸಿ ರಾಮ್ಸ್‌ಡೆನ್ ಮೊದಲಾದವರು ಅವನಿಗಿಂತ ಹಿಂದೆಯೇ ಯತ್ನಿಸಿದ್ದರು. ಅದನ್ನು ಪೂರ್ತಿಯಾಗಿ ಲೋಹದಲ್ಲಿ ದೃಢವಾಗಿ ಕಟ್ಟಿ, ದಿನನಿತ್ಯದ ಕೆಲಸಕ್ಕೆ ಒದಗುವಂತೆ ಮಾಡಿದ ಹಿರಿಮೆ ಮಾಡ್ಸ್ಲೆಯದು.

ಇಲ್ಲಿ ಒಂದು ತೊಡಕಿತ್ತು. ಯಂತ್ರದ ತಿರುಪಿನಲ್ಲಿ ದೋಷವಿದ್ದರೆ ಅದು ಕೊರೆಯುವ ತಿರುಪುಗಳಿಗೂ ಆ ದೋಷ ಅಂಟುತ್ತದೆ. ತಾಯಿಬೇರು ಕೊಳೆತರೆ ರೆಂಬೆ ಚಿಗುರುವುದೆಂತು? ಅದಕ್ಕಾಗಿ ಮಾಡ್ಸ್ಲೆ ಮೂಲತಿರುಪನ್ನು ಪರಿಶುದ್ಧಗೊಳಿಸಲು ವರ್ಷಗಟ್ಟಲೆ ಶ್ರಮಿಸಿದನು. ಅವನು ತಯಾರಿಸಿದ ಒಂದು ತಿರುಪು ಐದು ಅಡಿ ಉದ್ದವಿತ್ತು; ಅಂಗುಲಕ್ಕೆ 50ರಂತೆ ಸುತ್ತುಗಳಿದ್ದವು. ಅದರ ನಟ್ಟು ಒಂದು ಅಡಿ ಉದ್ದವಾಗಿದ್ದು, 600 ಸುತ್ತುಗಳನ್ನು ಒಮ್ಮೆಗೇ ಅಪ್ಪಿಕೊಳ್ಳುತ್ತಿತ್ತು. ಒಂದು ಸುತ್ತಿನ ಅಲ್ಪದೋಷವು ಉಳಿದ ನೂರಾರು ಸುತ್ತುಗಳ ನಡುವೆ ಹಂಚಿ ಅಡಗಿಹೋಗುತ್ತಿತ್ತು. ಅಂಗುಲದ 10,000ದಲ್ಲಿ ಒಂದು ಭಾಗವನ್ನು ತೋರಿಸುವ ಅಳತೆಯ ಉಪಕರಣವನ್ನೂ ಅವನು ನಿರ್ಮಿಸಿದನು. ಕಾರ್ಯಾಗಾರದಲ್ಲಿ ಅದರ ತೀರ್ಪೇ ಕೊನೆಯದು. ಆದ್ದರಿಂದ ಆಗ ಇಂಗ್ಲೆಂಡಿನ ಪ್ರಧಾನ ನ್ಯಾಯಾಧಿಕಾರಿಯ ಪದವಿಯಾಗಿದ್ದ ‘ಲಾರ್ಡ್ ಚಾನ್ಸಲರ್’ ಎಂಬುದೇ ಅದರ ಹೆಸರಾಯಿತು.

ಇಂಗ್ಲೆಂಡಿನ ನೌಕಾಪಡೆಗೆ ಹಾಯಿಹಡಗುಗಳ ಹಗ್ಗಗಳನ್ನೆಳೆಯಲು ವರ್ಷಕ್ಕೆ ಒಂದು ಲಕ್ಷದಷ್ಟು ರಾಟೆಗಳು ಬೇಕಾಗಿದ್ದವು. ಮಾರ್ಕ್ ಬ್ರೂನೆಲ್ ಎಂಬ ಎಂಜಿನಿಯರನು ಅವನ್ನು ಮಾಡುವ ಯಂತ್ರಗಳನ್ನು ಕಲ್ಪಿಸಿದನು, ಮಾಡ್ಸ್ಲೆ ನಿರ್ಮಿಸಿದನು. 1808ರ ವೇಳೆಗೆ ಪೋರ್ಟ್ಸ್‌ಮತ್ ಬಂದರಿನಲ್ಲಿ 45 ಯಂತ್ರಗಳು ದುಡಿಯುತ್ತಿದ್ದವು. 110 ಜನರ ಕೆಲಸವನ್ನು ಹತ್ತೇ ಜನರು ನಿರ್ವಹಿಸಿದರು.

1810ರಲ್ಲಿ ಮಾಡ್ಸ್ಲೆಯ ಕಾರ್ಯಾಗಾರವು ಲ್ಯಾಂಬೆತ್‌ಗೆ ಸ್ಥಳಾಂತರವಾಗಿ ಹಡಗುಗಳ ಉಗಿಯಂತ್ರಗಳಿಗೆ ಪ್ರಸಿದ್ಧವಾಯಿತು. ಅದು ಒಂದು ಗುರುಕುಲವೂ ಆಗಿತ್ತು. ಜೋಸೆಫ್ ಕ್ಲೆಮೆಂಟ್, ರಿಚರ್ಡ್ ರಾಬರ್ಟ್ಸ್, ಉಗಿಸುತ್ತಿಗೆಯನ್ನು ಕಲ್ಪಿಸಿದ ಜೇಮ್ಸ್ ನ್ಯಾಸ್ಮಿತ್ ಮುಂತಾದವರು ಅಲ್ಲಿ ಪಳಗಿದರು. ಅಲ್ಲಿಯೇ ದುಡಿದ ಜೋಸೆಫ್ ವಿಟ್‌ವರ್ತ್ 1841ರಲ್ಲಿ ದೇಶಕ್ಕೆಲ್ಲ ಒಂದೇ ಬಗೆಯ ತಿರುಪಿನ ಅಳತೆಯನ್ನು ಸೂಚಿಸಿ, ಗುರುವಿನ ಕನಸನ್ನು ನನಸಾಗಿಸಿದನು. ಅದನ್ನು ಕಾಣಲು ಮಾಡ್ಸ್ಲೆ ಬದುಕಿರಲಿಲ್ಲ. ಫ್ರಾನ್ಸಿನಿಂದ ಹಿಂದಿರುಗುವಾಗ ತಗಲಿದ ಶೀತವು ಉಲ್ಬಣಿಸಿ, 1831ರ ಫೆಬ್ರವರಿಯಲ್ಲಿ ಅವನು ತೀರಿಕೊಂಡನು. ಹುಟ್ಟಿದ ವೂಲಿಚ್‌ನ ಮಣ್ಣಿನಲ್ಲಿಯೇ ಅವನ ಸಮಾಧಿಯಾಯಿತು.

ಲೋಹವನ್ನು ಕೊರೆಯುವ ಇಂದಿನ ಮಿಲ್ಲಿಂಗ್ ಯಂತ್ರದಲ್ಲಿಯೂ ಪೀಠವನ್ನು ಸರಿಸುವುದು ಅದೇ ನೀಳತಿರುಪು ಮತ್ತು ನಟ್ಟು. ಬೆಲೆಬಾಳುವ ತಿರುಪು ಉಳಿಯಲೆಂದು ನಟ್ಟನ್ನು ಮೃದುವಾದ ಕಂಚಿನಿಂದ ಮಾಡುವುದುಂಟು. ಸವೆಯುವ ಪಾಲು ಅದರದು. ನಟ್ಟು ಸವೆದರೆ ಪೀಠವು ಸಡಿಲವಾಗಿ ಅಳತೆ ತಪ್ಪುತ್ತದೆ. ಆಗ ಕೆಲವು ಕುಶಲಕರ್ಮಿಗಳು ಅಸಿಟಾಲ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಿಂದ ಹೊಸ ನಟ್ಟನ್ನು ಮಾಡಿಕೊಳ್ಳುತ್ತಾರೆ. ಎರಡು ಹೋಳುಗಳ ನಡುವೆ ಆ ತಿರುಪನ್ನೇ ಇರಿಸಿ, ಹದವಾಗಿ ಬಿಸಿಮಾಡಿ ಅದುಮುತ್ತಾರೆ. ಮೆತ್ತಗಾದ ಪ್ಲಾಸ್ಟಿಕ್ಕು ತಿರುಪಿನ ಸುತ್ತುಗಳನ್ನು ತನ್ನೊಳಗೆ ಮೂಡಿಸಿಕೊಳ್ಳುತ್ತದೆ. ವಸ್ತು ಹೊಸದು, ತತ್ತ್ವ ಮಾಡ್ಸ್ಲೆಯದೇ. ತಿರುಪು ನೇರ್ಪಾಗಿದ್ದರೆ ನಟ್ಟೂ ನೇರ್ಪಾಗಿರುತ್ತದೆ. ಯಾರೂ ಕಾಣದ ಮೂಲದಲ್ಲಿಯೇ ಕೆಲಸವು ಶುದ್ಧವಾಗಿರಬೇಕೆಂಬುದು ಆ ಕಮ್ಮಾರನ ಬಾಳು ಕಲಿಸುವ ಪಾಠ.