ಗ್ಲಿಂಕಾ ಮತ್ತು ಅವನ ಮುಗಿಯದ ಸೊನಾಟಾ

ರಷ್ಯದ ಸಂಗೀತಕ್ಕೆ ತಂದೆಯೆನಿಸಿದ ಮಿಖಾಯಿಲ್ ಗ್ಲಿಂಕಾ ಜನಿಸಿದುದು 1804ರಲ್ಲಿ, ಸ್ಮೊಲೆನ್ಸ್ಕ್ ಪ್ರಾಂತದ ಜಮೀನ್ದಾರರ ಮನೆಯಲ್ಲಿ. ದಾದಿಯ ಹಾಡು, ಚರ್ಚಿನ ಗಂಟೆ, ಸೋದರಮಾವನ ಜೀತದಾಳುಗಳ ವಾದ್ಯಮೇಳ, ಇವೇ ಅವನ ಮೊದಲ ಪಾಠಗಳು.

1824ರಲ್ಲಿ ಪೀಟರ್ಸ್‌ಬರ್ಗಿನ ಸಾರಿಗೆ ಇಲಾಖೆಯಲ್ಲಿ ನೌಕರಿಗೆ ಸೇರಿದನು. ಕೆಲಸ ಹಗುರ, ಮರುವರ್ಷವೇ ವಯೋಲ ಮತ್ತು ಪಿಯಾನೋಗಳಿಗಾಗಿ ಒಂದು ಸೊನಾಟಾ ರಚಿಸತೊಡಗಿದನು. ವಯೋಲವೆಂದರೆ ಪಿಟೀಲಿನ ಅಕ್ಕನಂಥದು. ಗಾತ್ರ ತುಸು ದೊಡ್ಡದು, ದನಿ ಮಂದ್ರ. ವಾದ್ಯಮೇಳದ ನಡುವೆ ಅಷ್ಟಾಗಿ ಕೇಳಿಸದ ಈ ವಾದ್ಯವನ್ನು ಇಪ್ಪತ್ತೊಂದರ ತರುಣ ಪಿಯಾನೋವಿಗೆ ಸರಿಸಮನಾಗಿ ಹಾಡಿಸಿದನು. ಮೊದಲನೆಯ ಭಾಗ ಮುಗಿಯಿತು. 1828ರಲ್ಲಿ ಎರಡನೆಯದಕ್ಕೆ ಕೈಹಾಕಿ, ಕೊನೆಮುಟ್ಟಿಸದೆ ಬಿಟ್ಟನು. ನೌಕರಿಯನ್ನೂ ಅದೇ ವರ್ಷ ಬಿಟ್ಟನು. ಮೂರನೆಯ ಭಾಗದ ಧಾಟಿ ತಲೆಯಲ್ಲೇ ಉಳಿಯಿತು.

1836ರಲ್ಲಿ ‘ಜಾರನಿಗಾಗಿ ಜೀವ’, 1842ರಲ್ಲಿ ‘ರುಸ್ಲಾನ್ ಮತ್ತು ಲ್ಯುದ್ಮಿಲಾ’ ಗೀತನಾಟಕಗಳು ಬಂದವು. ಇವುಗಳ ಕೀರ್ತಿಯಲ್ಲಿ ಸೊನಾಟಾ ಮರೆಯಾಯಿತು. ಅವನು ಮಾತ್ರ ಮರೆತಿರಲಿಲ್ಲ. ಬಾಳಿನ ಕೊನೆಗಾಲದಲ್ಲಿ ಆತ್ಮಕಥೆ ಬರೆಯುತ್ತ, ಆ ಧಾಟಿ ತನಗಿನ್ನೂ ನೆನಪಿದೆಯೆಂದೂ ಅದನ್ನು ಮಕ್ಕಳ ಪೋಲ್ಕಾ ಒಂದರಲ್ಲಿ ಸೇರಿಸಿದೆನೆಂದೂ ತಿಳಿಸಿದ್ದಾನೆ. ಅಷ್ಟು ವರ್ಷ ಕಾದ ಧಾಟಿಗೆ ಇದು ತೀರ ಸಣ್ಣ ಮನೆಯೆಂದೇ ನನ್ನ ಭಾವನೆ.

1857ರಲ್ಲಿ ಬರ್ಲಿನ್ನಿನಲ್ಲಿ ತೀರಿಕೊಂಡನು. ವಾದಿಮ್ ಬೊರಿಸೊವ್ಸ್ಕಿ ಎಂಬ ವಯೋಲ ವಾದಕ ಎರಡನೆಯ ಭಾಗವನ್ನು ಪೂರ್ತಿಗೊಳಿಸಿದ ಮೇಲೆ, 1932ರಲ್ಲಿ ಸೊನಾಟಾ ಅಚ್ಚಾಯಿತು.