ಏಳು ತಂತಿಗಳೂ ಒಂದು ಮೈಕೂ

ಬೆಂಗಳೂರಿನ ವೈಯಾಲಿಕಾವಲ್‌ನಲ್ಲಿ ಏಳು ತಂತಿಯ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನವಿದೆ. 1980ರಿಂದ ಅಲ್ಲಿ ಸಂಗೀತ, ನಾಟಕ, ನೃತ್ಯ, ಶಾಲಾ ವಾರ್ಷಿಕೋತ್ಸವಗಳೆಲ್ಲ ನಡೆದುಕೊಂಡು ಬಂದಿವೆ. ಒಬ್ಬ ವಾದ್ಯಗಾರನ ಹೆಸರಿನಲ್ಲಿ, ಅವನ ವಾದ್ಯದ ರೂಪದಲ್ಲೇ ಒಂದು ಸಭಾಂಗಣ ಎದ್ದು ನಿಂತದ್ದು ನಮ್ಮ ನಗರದ ಮಟ್ಟಿಗೆ ಅಪರೂಪದ ಗೌರವ. ಆದರೆ ಆ ಪಿಟೀಲಿನ ಹೊಟ್ಟೆಯೊಳಗೆ ಕುಳಿತು ಹತ್ತಾರು ಕಾರ್ಯಕ್ರಮ ನೋಡಿದ ನಮ್ಮಲ್ಲಿ ಎಷ್ಟು ಮಂದಿ ಚೌಡಯ್ಯನವರ ಪಿಟೀಲನ್ನು ಕೇಳಿದ್ದೇವೆ? ಈ ಪ್ರಶ್ನೆಯನ್ನು ಇತರರಿಗೆ ಕೇಳುವ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ನಾನು ಕಾಲೇಜಿನಲ್ಲಿದ್ದಾಗ ನಮ್ಮ ಮನೆಗೆ ಹೊಸದಾಗಿ ಟೇಪ್ ರೆಕಾರ್ಡರ್ ಬಂದಿತ್ತು. ಅಪ್ಪ ರೇಡಿಯೊದಲ್ಲಿ ಮರುಪ್ರಸಾರವಾದ ಹಳೆಯ ಕಚೇರಿಯೊಂದನ್ನು ಅದರಲ್ಲಿ ಹಿಡಿದಿಟ್ಟು, ಕ್ಯಾಸೆಟ್ಟಿನ ಚೀಟಿಯ ಮೇಲೆ ಚೆಂಬೈ, ಚೌಡಯ್ಯ ಎಂದು ದುಂಡಗೆ ಬರೆದಿದ್ದರು. ಒಂದು ಸಂಜೆ ಖಾಲಿ ಕ್ಯಾಸೆಟ್ ಸಿಗದೆ ನಾನು ಅದರ ಮೇಲೆಯೇ ಚಿತ್ರಗೀತೆಗಳನ್ನು ತುಂಬಿಸಿಕೊಂಡೆ. ಅಪ್ಪ ಬೈಯಲಿಲ್ಲ. ಕ್ಯಾಸೆಟ್ಟನ್ನು ತಮ್ಮ ಡಬ್ಬಿಯಿಂದ ತೆಗೆದು ನನ್ನ ಪುಸ್ತಕಗಳ ಪಕ್ಕದಲ್ಲಿಟ್ಟರು, ಅಷ್ಟೆ. ಕೆಲವು ದಿನಗಳ ನಂತರ ನನ್ನ ಹಾಡುಗಳೆಲ್ಲ ಮುಗಿದ ಮೇಲೂ ಟೇಪು ಓಡುತ್ತಲೇ ಇತ್ತು. ಒಂದು ಕ್ಷಣ ಗೊರಗೊರ ಸದ್ದಾಗಿ, ಅಳಿಯದೆ ಉಳಿದಿದ್ದ ಕೊನೆಯ ನಾಲ್ಕೈದು ನಿಮಿಷಗಳ ಪಿಟೀಲು ಎದ್ದುಬಂತು. ಇಬ್ಬರು ಒಟ್ಟಿಗೆ ನುಡಿಸುತ್ತಿದ್ದಾರೆಂದೇ ನಾನು ಭಾವಿಸಿದೆ. ಅಲ್ಲ, ಅವರೊಬ್ಬರೇ ಎಂದು ಅಪ್ಪ ಒಳಕೋಣೆಯಿಂದ ತಿಳಿಸಿದರು. ನಾನು ಚೌಡಯ್ಯನವರನ್ನು ಮೊದಲು ಕೇಳಿದ್ದು ಹೀಗೆ, ನಾನೇ ಅಳಿಸಿದ ಕಚೇರಿಯ ಬಾಲದಲ್ಲಿ.

ಮೈಸೂರು ಟಿ. ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ, ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರದಲ್ಲಿ. ಹೆಸರಿನ ಮುಂದಿನ ಟಿ ಅಕ್ಷರ ಆ ಊರಿನದು. ಮುಂದೆ ಅವರು ಕೃತಿಗಳನ್ನು ರಚಿಸಿದಾಗ ಆರಿಸಿಕೊಂಡ ತ್ರಿಮಕುಟ ಎಂಬ ಅಂಕಿತವೂ ಅದೇ ಊರನ್ನು ನೆನಪಿಸುತ್ತದೆ. ಹದಿಹರೆಯದಲ್ಲಿ ಮೈಸೂರಿಗೆ ಬಂದು ಆಸ್ಥಾನ ವಿದ್ವಾಂಸ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. 1910ರಿಂದ 1918ರವರೆಗೆ ನಡೆದ ಆ ಗುರುಕುಲವಾಸ ಕಠಿಣವಾದದ್ದು. ಗಮನಿಸಬೇಕಾದ ಸಂಗತಿಯೆಂದರೆ, ಕೃಷ್ಣಪ್ಪನವರು ಗಾಯಕರು. ದೇವರನಾಮಗಳಿಗೆ ಕಚೇರಿಯಲ್ಲಿ ಸ್ಥಾನ ದೊರಕಿಸಿಕೊಟ್ಟವರಲ್ಲಿ ಪ್ರಮುಖರು. ಅಂತಹವರ ಬಳಿ ಕಲಿತ ಶಿಷ್ಯನ ಪಿಟೀಲು ಬೆರಳಿನ ಚಮತ್ಕಾರಕ್ಕಿಂತ ಕಂಠದ ಮಾದರಿಯನ್ನೇ ಅನುಸರಿಸಿದ್ದು ಸಹಜ. ಸಾಹಿತ್ಯದ ಒಂದೊಂದು ಅಕ್ಷರಕ್ಕೂ ಕಮಾನು ಉತ್ತರ ಕೊಡಬೇಕು ಎಂಬ ಶಿಸ್ತು ಅವರಿಗೆ ಅಲ್ಲಿಂದ ಬಂತು.

ಗುರುವಿನ ಪಕ್ಕದಲ್ಲಿ ಕುಳಿತು ನುಡಿಸುತ್ತ ಬೆಳೆದ ಚೌಡಯ್ಯನವರು ಬೇಗನೆ ದಕ್ಷಿಣ ಭಾರತದಾದ್ಯಂತ ಬೇಡಿಕೆಯ ಪಕ್ಕವಾದ್ಯಗಾರರಾದರು. ಆಗ ಅವರೆದುರು ನಿಂತ ತೊಡಕು ಶಾಸ್ತ್ರದ್ದಲ್ಲ, ಸದ್ದಿನದು. ಇಂದಿನವರಿಗೆ ಇದನ್ನು ಊಹಿಸುವುದೂ ಕಷ್ಟ. ರಾಮೋತ್ಸವದ ಚಪ್ಪರದಲ್ಲಿ ಸಾವಿರಾರು ಜನ. ಮಾತನ್ನು ಹಿಂದಿರುಗಿಸಲು ಗೋಡೆಗಳಿಲ್ಲ. ಧ್ವನಿವರ್ಧಕ ಇನ್ನೂ ಬಂದಿಲ್ಲ. ಗಾಯಕರು ತಾರಸ್ಥಾಯಿಯ ಗಟ್ಟಿ ಕಂಠದಿಂದ ಹೇಗೋ ಹಿಂದಿನ ಸಾಲಿಗೆ ತಲುಪುತ್ತಿದ್ದರು. ಮೃದಂಗಕ್ಕೆ ಚಿಂತೆಯಿರಲಿಲ್ಲ. ನಡುವೆ ಸಿಕ್ಕ ಪಿಟೀಲು ಮಾತ್ರ ಮುಂದಿನ ನಾಲ್ಕು ಸಾಲು ದಾಟುವಷ್ಟರಲ್ಲಿ ಕರಗಿಹೋಗುತ್ತಿತ್ತು.

1927ರಲ್ಲಿ ಚೌಡಯ್ಯನವರು ಇದಕ್ಕೆ ಕಂಡುಕೊಂಡ ಪರಿಹಾರ ತೀರ ಸರಳವೂ ಹೌದು, ಸಾಹಸವೂ ಹೌದು. ನಾಲ್ಕು ತಂತಿಗಳ ಪೈಕಿ ಮೂರಕ್ಕೆ ಒಂದೊಂದು ಜೊತೆ ತಂತಿ ಬಿಗಿದು, ಅದನ್ನು ಒಂದು ಸ್ಥಾಯಿ ಅಂತರದಲ್ಲಿ ಶ್ರುತಿ ಮಾಡಿದರು. ಒಂದೇ ಬೆರಳು ಎರಡು ತಂತಿಗಳನ್ನು ಒತ್ತುತ್ತದೆ, ಒಂದೇ ಕಮಾನು ಎರಡನ್ನೂ ಎಳೆಯುತ್ತದೆ. ಒಂದು ಸ್ವರ ಎರಡು ಸ್ಥಾಯಿಗಳಲ್ಲಿ ಏಕಕಾಲಕ್ಕೆ ಮೊಳಗುತ್ತದೆ. ನನಗೆ ಇಬ್ಬರು ನುಡಿಸಿದಂತೆ ಕೇಳಿಸಿದ್ದರ ಗುಟ್ಟು ಇದೇ.

ಹೇಳುವುದಕ್ಕೆ ಇಷ್ಟು ಸುಲಭವಾದದ್ದು ನುಡಿಸುವುದಕ್ಕೆ ಸುಲಭವಲ್ಲ. ಜೊತೆ ತಂತಿಗಳ ದಪ್ಪ ಒಂದೇ ಅಲ್ಲ. ಬೆರಳು ಕೂದಲೆಳೆಯಷ್ಟು ಓರೆಯಾದರೂ ಎರಡು ಸ್ವರಗಳು ಬೇರ್ಪಟ್ಟು ಅಪಶ್ರುತಿ ಇಬ್ಬಗೆಯಾಗಿ ಕೇಳಿಸುತ್ತದೆ. ಗಮಕದಲ್ಲಿ ಬೆರಳು ಜಾರುವಾಗಲಂತೂ ಎರಡೂ ತಂತಿಗಳನ್ನು ಸಮನಾಗಿ ಹಿಡಿದಿಡಬೇಕು. ಕಮಾನಿನ ಭಾರವೂ ಹೆಚ್ಚಬೇಕು. ಪಿಟೀಲಿನ ಸೂಕ್ಷ್ಮತೆಯನ್ನು ಮೆಚ್ಚಿದ ರಸಿಕರಿಗೆ ಈ ತುಂಬುನಾದ ಒಪ್ಪಿಗೆಯಾಗದೆ ಹೋದದ್ದನ್ನು ನಾವು ಅರ್ಥಮಾಡಿಕೊಳ್ಳಬಹುದು. ಅವರ ಆಕ್ಷೇಪ ನಿರಾಧಾರವಾದದ್ದೇನಲ್ಲ. ತೆಳುವಾದ ಒಂಟಿ ತಂತಿಯ ಮೇಲೆ ಸಾಧ್ಯವಾಗುವ ಕೆಲವು ನವುರುಗಳನ್ನು ಏಳು ತಂತಿಯ ವಾದ್ಯ ಬಿಟ್ಟುಕೊಡಲೇಬೇಕಾಗುತ್ತದೆ. ಚೌಡಯ್ಯನವರು ಆ ಬೆಲೆ ತೆತ್ತರು, ಹಿಂದಿನ ಸಾಲಿನ ಕೇಳುಗನಿಗಾಗಿ. ಹಣ ಕೊಟ್ಟು ಮುಂದೆ ಕೂರಲಾರದವನಿಗೂ ತಮ್ಮ ನಾದ ಮುಟ್ಟಬೇಕೆಂದು ವಾದ್ಯವನ್ನೇ ತಿದ್ದಿದ ಈ ನಿರ್ಧಾರದಲ್ಲಿ ನಾನು ಅವರ ವ್ಯಕ್ತಿತ್ವದ ತಿರುಳನ್ನು ಕಾಣುತ್ತೇನೆ.

ಮುಂದಿನ ನಾಲ್ಕು ದಶಕಗಳು ಅವರ ಯಶಸ್ಸಿನವು. ಚೆಂಬೈ ವೈದ್ಯನಾಥ ಭಾಗವತರ ಕಂಚಿನ ಕಂಠಕ್ಕೆ ಈ ಇಮ್ಮಡಿ ನಾದದ ಪಿಟೀಲು ಹೇಳಿಮಾಡಿಸಿದ ಜೊತೆಯಾಯಿತು. ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆ ಇವರೊಡನೆ ಚೌಡಯ್ಯನವರನ್ನೂ ಸೇರಿಸಿ ಪಿಟೀಲಿನ ತ್ರಿಮೂರ್ತಿಗಳೆಂದು ಕರೆಯುವ ರೂಢಿ ಬೆಳೆಯಿತು. 1939ರಲ್ಲಿ ಅವರು ಮೈಸೂರಿನ ಆಸ್ಥಾನ ವಿದ್ವಾಂಸರಾದರು. 1943ರಲ್ಲಿ ವಾಣಿ ಎಂಬ ಕನ್ನಡ ಚಲನಚಿತ್ರವನ್ನು ನಿರ್ಮಿಸಿ, ಅದರಲ್ಲಿ ಚೆಂಬೈಯವರನ್ನೂ ತೆರೆಯ ಮೇಲೆ ತಂದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಸಂಗೀತ ಕಲಾನಿಧಿ ಬಿರುದನ್ನಿತ್ತು ಗೌರವಿಸಿತು. ವಿ. ಸೇತುರಾಮಯ್ಯ, ಕಂಡದೇವಿ ಅಳಗಿರಿಸ್ವಾಮಿ ಅವರಂತಹ ಶಿಷ್ಯರು ಗುರುವಿನ ಹೆಸರನ್ನು ಮುಂದಿನ ಪೀಳಿಗೆಗೆ ಒಯ್ದರು.

ಇಷ್ಟಾದರೂ ಏಳು ತಂತಿಯ ಪಿಟೀಲು ಒಂದು ಪರಂಪರೆಯಾಗಿ ಬೇರೂರಲಿಲ್ಲ. ಇಂದು ಕಚೇರಿ ವೇದಿಕೆಗಳಲ್ಲಿ ನಾವು ಕಾಣುವುದು ಬಹುಪಾಲು ನಾಲ್ಕು ತಂತಿಯ ವಾದ್ಯವನ್ನೇ. ಇದಕ್ಕೆ ನುಡಿಸುವ ಕಷ್ಟವೊಂದೇ ಕಾರಣವಲ್ಲ. ಚೌಡಯ್ಯನವರು ಹೆಚ್ಚುವರಿ ತಂತಿಗಳನ್ನು ಬಿಗಿಯುವುದಕ್ಕೆ ಎರಡು ವರ್ಷ ಮೊದಲೇ, 1925ರಲ್ಲಿ, ಪಶ್ಚಿಮದ ಗ್ರಾಮಫೋನ್ ಕಂಪೆನಿಗಳು ತಗಡಿನ ಕಹಳೆಯನ್ನು ಬಿಟ್ಟು ವಿದ್ಯುತ್ ಮೈಕ್ರೊಫೋನಿನ ಮೂಲಕ ಧ್ವನಿಮುದ್ರಣ ಮಾಡತೊಡಗಿದ್ದವು. ಕೆಲವೇ ವರ್ಷಗಳಲ್ಲಿ ಅದೇ ಮೈಕು ನಮ್ಮ ಚಪ್ಪರಗಳಿಗೂ ಬಂತು. ಮೂರು ತಂತಿಗಳು ಮಾಡುತ್ತಿದ್ದ ಕೆಲಸವನ್ನು ಒಂದು ಗುಂಡಿ ತಿರುಗಿಸಿದರೆ ಮಾಡಬಹುದಾಯಿತು. ಒಬ್ಬ ಕಲಾವಿದ ತನ್ನ ಬೆರಳು, ಕಿವಿಗಳನ್ನು ಪಣವಿಟ್ಟು ಬಿಡಿಸಿದ ಸಮಸ್ಯೆಯನ್ನು ಯಂತ್ರವೊಂದು ಇಲ್ಲವಾಗಿಸಿತು.

ಆದರೆ ಅದೇ ಯಂತ್ರ ಇಲ್ಲದಿದ್ದರೆ ಚೌಡಯ್ಯನವರ ನಾದ ನಮಗೆ ಉಳಿಯುತ್ತಿರಲಿಲ್ಲ. ಅವರ ಗುರು ಕೃಷ್ಣಪ್ಪನವರು 1931ರಲ್ಲಿ ತೀರಿಕೊಂಡರು. ಅವರ ಗಾಯನದ ಘನತೆಯನ್ನು ನಾವು ಹೆಚ್ಚಾಗಿ ಕೇಳಿದವರ ಮಾತಿನಿಂದಲೇ ನಂಬಬೇಕಾಗಿದೆ. ಶಿಷ್ಯನ ವಿಷಯದಲ್ಲಿ ಹಾಗಲ್ಲ. ರೇಡಿಯೊ ಕಚೇರಿಗಳಲ್ಲಿ ಹಿಡಿದಿಟ್ಟ ಅವರ ವಾದನ ಇಂದು ಯಾರ ಕೈಗಾದರೂ ದೊರೆಯುತ್ತದೆ.

ಹಾಗೆ ಕೇಳುವಾಗ ಒಂದು ಎಚ್ಚರ ಬೇಕು. ಹಳೆಯ ಹತ್ತಂಗುಲದ ಪ್ಲೇಟಿನ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ಮೂರು ನಿಮಿಷಕ್ಕಿಂತ ತುಸು ಹೆಚ್ಚಿನ ಸಂಗೀತ ಮಾತ್ರ. ರಾಗವೊಂದು ಅಷ್ಟರಲ್ಲಿ ಮೈಮುರಿದು ಏಳುವುದೂ ಇಲ್ಲ. ರೇಡಿಯೊ ಮುದ್ರಣಗಳಲ್ಲಿ ಅವಕಾಶ ಹೆಚ್ಚಿದ್ದರೂ ತೊಂದರೆ ಇನ್ನೊಂದು ಬಗೆಯದು. ದೂರದ ಕಿವಿಗೆಂದು ರೂಪಿಸಿದ ನಾದವನ್ನು ಮೈಕು ಗೇಣು ದೂರದಿಂದ ಕೇಳಿಸಿಕೊಂಡಿದೆ. ಗೋಪುರದ ಶಿಲ್ಪವನ್ನು ಏಣಿ ಹತ್ತಿ ಮೂಗಿನ ನೇರಕ್ಕೆ ನೋಡಿದರೆ ಉಳಿಯ ಗುರುತುಗಳು ಒರಟಾಗಿ ಕಾಣುತ್ತವೆ. ಕೆಳಗೆ ನಿಂತವನಿಗೆ ಅವೇ ದೇವತೆಯ ಮುಖವಾಗುತ್ತವೆ. ಚೌಡಯ್ಯನವರ ಮುದ್ರಿಕೆಗಳಲ್ಲಿ ಕೇಳಿಸುವ ಕಮಾನಿನ ಕರಕರವನ್ನೋ ಜೊತೆ ತಂತಿಗಳ ಸಣ್ಣ ಘರ್ಷಣೆಯನ್ನೋ ಎತ್ತಿ ಆಡುವವರು ಈ ಅಂತರವನ್ನು ಮರೆಯುತ್ತಾರೆ. ನಾನು ಅವನ್ನು ಕೇಳುವಾಗ ಯಂತ್ರದ ಸದ್ದು ತಗ್ಗಿಸಿ ಪಕ್ಕದ ಕೋಣೆಗೆ ಹೋಗಿ ಕೂರುತ್ತೇನೆ. ಅಪ್ಪ ಒಳಕೋಣೆಯಿಂದಲೇ ಕೇಳುತ್ತಿದ್ದುದರ ಅರ್ಥ ನನಗೆ ಈಗ ಆಗಿದೆ.

1967ರ ಜನವರಿ 19ರಂದು ಚೌಡಯ್ಯನವರು ನಿಧನರಾದರು. ಹದಿಮೂರು ವರ್ಷಗಳ ಬಳಿಕ ಬೆಂಗಳೂರು ಅವರಿಗೆ ಕಲ್ಲು ಕಾಂಕ್ರೀಟುಗಳ ಪಿಟೀಲನ್ನು ಕಟ್ಟಿತು. ಅದು ಉಳಿಯುತ್ತದೆ, ಉಳಿಯಬೇಕು. ನನಗಿರುವ ಕಳವಳ ನಮ್ಮ ಮನೆಗಳ ಅಟ್ಟಗಳ ಮೇಲಿರುವ ಪೆಟ್ಟಿಗೆಗಳ ಬಗ್ಗೆ. ಹಳೆಯ ಸಭೆಗಳ, ಮದುವೆ ಮನೆಗಳ, ಉತ್ಸವಗಳ ಕಚೇರಿಗಳನ್ನು ಅಪ್ಪಂದಿರೂ ಅಜ್ಜಂದಿರೂ ಹಿಡಿದಿಟ್ಟ ಟೇಪುಗಳು ಅಲ್ಲಿ ಬೂಷ್ಟು ಹಿಡಿಯುತ್ತಿವೆ. ಟೇಪಿನ ಲೇಪ ಪ್ರತಿ ಬೇಸಿಗೆ, ಪ್ರತಿ ಮಳೆಗಾಲಕ್ಕೂ ಒಂದಿಷ್ಟು ಉದುರುತ್ತದೆ. ಅದನ್ನು ಓಡಿಸುವ ಯಂತ್ರಗಳೂ ಅವನ್ನು ರಿಪೇರಿ ಮಾಡುವ ಕೈಗಳೂ ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತಿವೆ. ಇವನ್ನು ಇಳಿಸಿ, ಒರೆಸಿ, ಡಿಜಿಟಲ್ ರೂಪಕ್ಕೆ ತಂದು, ಎಂದು ಎಲ್ಲಿ ಯಾರು ನುಡಿಸಿದ್ದೆಂದು ತಿಳಿದವರಿಂದ ಬರೆಯಿಸಿಡುವ ಕೆಲಸಕ್ಕೆ ದೊಡ್ಡ ಹಣ ಬೇಕಿಲ್ಲ. ಆದರೆ ಚೀಟಿಯ ಮೇಲಿನ ಕೈಬರಹವನ್ನು ಗುರುತಿಸಬಲ್ಲವರು ಇರುವಾಗಲೇ ಅದು ಆಗಬೇಕು.

ನಮ್ಮ ಆ ಕ್ಯಾಸೆಟ್ ಇನ್ನೂ ನನ್ನ ಬಳಿ ಇದೆ. ಚಿತ್ರಗೀತೆಗಳನ್ನು ದಾಟಿಸಿ ಕೊನೆಯ ನಾಲ್ಕೈದು ನಿಮಿಷಗಳನ್ನು ನಕಲು ಮಾಡಿಸಿ ಇಟ್ಟುಕೊಂಡಿದ್ದೇನೆ. ಉಳಿದದ್ದು ಏನಾಗಿತ್ತು, ಯಾವ ರಾಗ, ಯಾವ ಕೃತಿ ಎಂದು ಅಪ್ಪನನ್ನು ಕೇಳಬೇಕೆಂದು ಹೊಳೆಯುವ ಹೊತ್ತಿಗೆ ಅವರು ಇರಲಿಲ್ಲ.